ಸಿಂಥೆಟಿಕ್ ಎಂಜಿನ್ ಆಯಿಲ್: ಎಷ್ಟು ಕಿಲೋಮೀಟರಿಗೆ, ಎಷ್ಟು ತಿಂಗಳಿಗೆ ಬದಲಿಸಬೇಕು?

“ಫುಲ್ಲಿ ಸಿಂಥೆಟಿಕ್ ಹಾಕಿಸಿದ್ದೇನೆ. ಕ್ಯಾನಿನ ಮೇಲೆ 15,000 ಅಂತಿದೆ, ಶೋರೂಮಿನವರು 10,000 ಅಂತಾರೆ, ನಮ್ಮ ಮೇಸ್ತ್ರಿ 5,000ಕ್ಕೇ ಬಂದುಬಿಡಿ ಅಂತಾರೆ. ಯಾರ ಮಾತು ಕೇಳಲಿ?” ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ನಿಮ್ಮ ಗಾಡಿ ದಿನಾ ಎಲ್ಲಿ, ಎಷ್ಟು ಹೊತ್ತು, ಎಂಥ ರಸ್ತೆಯಲ್ಲಿ ಓಡುತ್ತದೆ ಎಂದು ಮೂವರಲ್ಲಿ ಯಾರೂ ಕೇಳಿಲ್ಲ. ಆಯಿಲಿನ ಆಯುಸ್ಸು ನಿಂತಿರುವುದು ಅದರ ಮೇಲೆ.

ಅವಸರದಲ್ಲಿರುವವರಿಗೆ ಉತ್ತರ ಮೊದಲೇ ಕೊಟ್ಟುಬಿಡುತ್ತೇವೆ. ಹೆಚ್ಚಾಗಿ ಹೆದ್ದಾರಿಯಲ್ಲೇ ಓಡುವ ಪೆಟ್ರೋಲ್ ಕಾರಿಗೆ ಮ್ಯಾನುಯಲ್ ಹೇಳಿದಷ್ಟು, ಅಂದರೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಊರೊಳಗೇ ಸುತ್ತುವ ಅಥವಾ ಧೂಳಿನ ದಾರಿಯ ಕಾರಿಗೆ 5,000ದಿಂದ 7,500 ಕಿ.ಮೀ. ಬೈಕಿಗೆ ಮ್ಯಾನುಯಲ್ಲಿನ ಲೆಕ್ಕಕ್ಕಿಂತ ಒಂದು ಕಿಲೋಮೀಟರೂ ಹೆಚ್ಚಿಸಬೇಡಿ. ಗಾಡಿ ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಬದಲಾವಣೆ ಕಡ್ಡಾಯ.

ಸಿಂಥೆಟಿಕ್ ಆಯಿಲ್ ಕೆಡುವುದಿಲ್ಲ ಎನ್ನುವ ನಂಬಿಕೆ ಎಲ್ಲಿಂದ ಬಂತೋ, ಅದು ಅರ್ಧ ಮಾತ್ರ ನಿಜ. ಕ್ಯಾನಿನಲ್ಲಿರುವುದು ಎರಡು ಪದಾರ್ಥ. ಒಂದು ಬೇಸ್ ಆಯಿಲ್, ಅಂದರೆ ಮೂಲ ಎಣ್ಣೆ. ಸಿಂಥೆಟಿಕ್‌ನಲ್ಲಿ ಇದರ ಅಣುಗಳು ಹೆಚ್ಚುಕಡಿಮೆ ಒಂದೇ ತರಹ ಇರುವಂತೆ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಹಾಗಾಗಿ ಕಾವಿಗೆ ಬೇಗ ಒಡೆಯುವುದಿಲ್ಲ, ಬೆಳಗಿನ ಚಳಿಯಲ್ಲೂ ಸಲೀಸಾಗಿ ಹರಿಯುತ್ತದೆ. ಇನ್ನೊಂದು ಅಡಿಟಿವ್‌ಗಳು: ಕೊಳೆ ತೊಳೆಯುವ, ಆಮ್ಲವನ್ನು ಕೊಲ್ಲುವ, ಲೋಹ ಸವೆಯದಂತೆ ಪದರ ಕಟ್ಟುವ ರಾಸಾಯನಿಕಗಳು. ಇವು ಕೆಲಸ ಮಾಡುತ್ತಾ ಮಾಡುತ್ತಾ ಖರ್ಚಾಗುತ್ತವೆ. ಮೂಲ ಎಣ್ಣೆ ಗಟ್ಟಿಮುಟ್ಟಾಗಿದ್ದರೂ ಅಡಿಟಿವ್ ಮುಗಿದ ಮೇಲೆ ಆ ಆಯಿಲಿನಿಂದ ಎಂಜಿನ್‌ಗೆ ರಕ್ಷಣೆಯಿಲ್ಲ. ಜೊತೆಗೆ ಹೊರಗಿನಿಂದ ಬಂದು ಸೇರುವ ಪೆಟ್ರೋಲು, ನೀರಿನ ಹಬೆ, ಮಣ್ಣಿನ ಕಣಗಳನ್ನು ಯಾವ ಸಿಂಥೆಟಿಕ್ ಕೂಡ ಹೊರಗೆ ಹಾಕಲಾರದು. ಅವು ಹೊರಹೋಗಬೇಕಾದರೆ ಆಯಿಲೇ ಹೊರಹೋಗಬೇಕು.

1. ಮೊದಲು ಮ್ಯಾನುಯಲ್ ತೆಗೆಯಿರಿ

ಕಾರಿನ ಗ್ಲೋವ್ ಬಾಕ್ಸಿನಲ್ಲಿ, ಬೈಕಿನದಾದರೆ ಮನೆಯ ಬೀರುವಿನಲ್ಲಿ, ಎಲ್ಲಿದ್ದರೂ ಹುಡುಕಿ. ಸಿಗದಿದ್ದರೆ ಕಂಪನಿಯ ವೆಬ್‌ಸೈಟಿನಿಂದ ನಿಮ್ಮ ಮಾಡೆಲ್, ನಿಮ್ಮ ವರ್ಷದ್ದನ್ನೇ ಇಳಿಸಿಕೊಳ್ಳಿ. ಅದೇ ಹೆಸರಿನ ಕಾರಿನಲ್ಲಿ ವರ್ಷ ಬದಲಾದಾಗ ಎಂಜಿನ್ ಬದಲಾಗಿರಬಹುದು, ಆಯಿಲಿನ ಗ್ರೇಡೂ ಬದಲಾಗಿರಬಹುದು.

ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಗ್ರೇಡ್, ಗುಣಮಟ್ಟದ ಗುರುತು, ಫಿಲ್ಟರ್ ಸಮೇತ ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಬದಲಾವಣೆ. ಸರ್ವೀಸ್ ಪಟ್ಟಿಯ ಪುಟದಲ್ಲಿ ಎರಡು ಪಟ್ಟಿ ಇರುವುದನ್ನು ಬಹಳ ಜನ ಗಮನಿಸುವುದೇ ಇಲ್ಲ. ಒಂದು ಸಾಮಾನ್ಯ ಬಳಕೆಯದು, ಇನ್ನೊಂದು ‘ಕಠಿಣ ಬಳಕೆ’ಯದು. ಎರಡನೆಯದರಲ್ಲಿ ಹಲವು ಕಂಪನಿಗಳು ಕಿಲೋಮೀಟರನ್ನು ನೇರವಾಗಿ ಅರ್ಧಕ್ಕೆ ಇಳಿಸಿರುತ್ತವೆ. 5,000ಕ್ಕೆ ಬನ್ನಿ ಎನ್ನುವ ಮೇಸ್ತ್ರಿ ಹೇಳುತ್ತಿರುವುದು ಈ ಎರಡನೆಯ ಪಟ್ಟಿಯ ಮಾತನ್ನೇ.

2. ಸರಿಯಾದ ಕ್ಯಾನ್ ಆರಿಸಿ

ಗ್ರೇಡ್ ಎಂದರೆ 0ಡಬ್ಲ್ಯೂ-20, 5ಡಬ್ಲ್ಯೂ-30, 10ಡಬ್ಲ್ಯೂ-40 ಎಂದು ಬರೆದಿರುವುದು. ಡಬ್ಲ್ಯೂಗೆ ಮೊದಲು ಬರುವ ಅಂಕಿ ಎಂಜಿನ್ ತಣ್ಣಗಿರುವಾಗ ಆಯಿಲ್ ಹೇಗೆ ಹರಿಯುತ್ತದೆ ಎನ್ನುವುದರ ಅಳತೆ. ಕಡಿಮೆಯಿದ್ದಷ್ಟೂ ಸಲೀಸು. ಕೊನೆಯ ಅಂಕಿ 100 ಡಿಗ್ರಿ ಕಾವಿನಲ್ಲಿ ಎಷ್ಟು ಗಟ್ಟಿಯಿರುತ್ತದೆ ಎನ್ನುವುದರ ಅಳತೆ.

“ನಮ್ಮ ಚಿತ್ರದುರ್ಗದ ಬೇಸಿಗೆಗೆ ಇಷ್ಟು ನೀರು ನೀರಾದ ಆಯಿಲ್ ತಡೆಯಲ್ಲ, 20ಡಬ್ಲ್ಯೂ-50 ಹಾಕಿಸಿ” ಎಂದು ಹೇಳುವವರಿದ್ದಾರೆ. ಕಾರಿನ ಮಟ್ಟಿಗೆ ಈ ಮಾತು ತಪ್ಪು. ಕೂಲೆಂಟ್ (ತಣಿಸುವ ದ್ರವ) ಇರುವ ಎಂಜಿನ್ನನ್ನು ಥರ್ಮೋಸ್ಟಾಟ್ ಸುಮಾರು 90 ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಹೊರಗೆ 22 ಇದ್ದರೂ ಅಷ್ಟೇ, 39 ಇದ್ದರೂ ಅಷ್ಟೇ. 0ಡಬ್ಲ್ಯೂ-20 ಕೇಳುವ ಎಂಜಿನ್ನಿನ ಆಯಿಲ್ ದಾರಿಗಳು, ಪಂಪು, ವಾಲ್ವ್ ಟೈಮಿಂಗ್ ವ್ಯವಸ್ಥೆ ಎಲ್ಲವನ್ನೂ ತೆಳು ಆಯಿಲಿಗೆಂದೇ ಮಾಡಿರುತ್ತಾರೆ. ಗಟ್ಟಿ ಆಯಿಲ್ ಸುರಿದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಮೇಲಿನ ಭಾಗಗಳಿಗೆ ಅದು ತಡವಾಗಿ ತಲುಪುತ್ತದೆ, ಮೈಲೇಜೂ ಬೀಳುತ್ತದೆ. ಮ್ಯಾನುಯಲ್ಲಿನಲ್ಲಿ ಹವಾಮಾನಕ್ಕೆ ತಕ್ಕ ಪರ್ಯಾಯ ಗ್ರೇಡ್ ಕೊಟ್ಟಿದ್ದರೆ ಅದರೊಳಗೇ ಆರಿಸಿ, ಅದರಾಚೆ ಹೋಗಬೇಡಿ.

ಗುಣಮಟ್ಟದ ಗುರುತು ಬೇರೆ. ಪೆಟ್ರೋಲ್ ಕಾರಿಗೆ ಎಪಿಐ ಎಸ್‌ಎನ್, ಎಸ್‌ಪಿ ಎಂದಿರುತ್ತದೆ. ಎಸ್‌ಪಿ 2020ರಲ್ಲಿ ಬಂದದ್ದು. ಹಳೆಯ ಗುರುತು ಕೇಳುವ ಪೆಟ್ರೋಲ್ ಕಾರಿಗೂ ಇದನ್ನು ಹಾಕಬಹುದು. ಬಿಎಸ್-6 ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಇರುತ್ತದೆ, ಅಂದರೆ ಸೈಲೆನ್ಸರಿನ ದಾರಿಯಲ್ಲಿ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್. ಇವಕ್ಕೆ ಬೂದಿ ಕಡಿಮೆ ಬಿಡುವ ಆಯಿಲೇ ಆಗಬೇಕು, ಮ್ಯಾನುಯಲ್ಲಿನಲ್ಲಿ ಎಸಿಇಎ ಸಿ2, ಸಿ3 ಎಂಬಂಥ ಗುರುತು ಕೊಟ್ಟಿರುತ್ತಾರೆ. ಲಾರಿ, ಟ್ರ್ಯಾಕ್ಟರಿಗೆ ತಂದಿಟ್ಟ ಡ್ರಮ್ಮಿನಿಂದ ಎರಡು ಲೀಟರ್ ತೆಗೆದು ಇಂಥ ಕಾರಿಗೆ ಹಾಕಿದರೆ ಡಿಪಿಎಫ್ ಬೂದಿಯಿಂದ ಕಟ್ಟಿಕೊಳ್ಳುತ್ತದೆ. ಆಮೇಲೆ ಅದನ್ನು ಬದಲಿಸಲು ಹೋದರೆ ಆಯಿಲಿನಲ್ಲಿ ಉಳಿಸಿದ್ದರ ಎಷ್ಟೋ ಪಟ್ಟು ಖರ್ಚಾಗುತ್ತದೆ.

ನಕಲಿ ಆಯಿಲ್ ಬಗ್ಗೆ ಒಂದು ಮಾತು. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಮುಚ್ಚಳದ ಸೀಲು, ಒಳಗಿನ ಫಾಯಿಲ್, ಬ್ಯಾಚ್ ನಂಬರ್, ತಯಾರಿಕೆ ದಿನಾಂಕ ನೋಡಿ. ಸ್ಕ್ಯಾನ್ ಮಾಡುವ ಕೋಡ್ ಇದ್ದರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ. ಗ್ಯಾರೇಜಿನಲ್ಲಿ ಹಾಕಿಸುವುದಾದರೆ ಕ್ಯಾನನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ. ಇದರಲ್ಲಿ ಸಂಕೋಚ ಬೇಡ, ಒಳ್ಳೆಯ ಮೇಸ್ತ್ರಿ ಬೇಸರ ಮಾಡಿಕೊಳ್ಳುವುದಿಲ್ಲ.

3. ನಿಮ್ಮ ಬಳಕೆಗೆ ತಕ್ಕಂತೆ ಲೆಕ್ಕ ಇಳಿಸಿ

ಇಡೀ ಲೇಖನದಲ್ಲಿ ಸಮಯ ಕೊಟ್ಟು ಓದಬೇಕಾದ ಭಾಗ ಇದು.

ಗಿಡ್ಡ ಓಡಾಟ: ದಾವಣಗೆರೆಯ ವಿದ್ಯಾನಗರದಿಂದ ಮಕ್ಕಳನ್ನು ಶಾಲೆಗೆ ಬಿಟ್ಟು, ಪಿ.ಬಿ. ರಸ್ತೆಯಲ್ಲಿ ಒಂದು ಕೆಲಸ ಮುಗಿಸಿ ಮನೆಗೆ ಬಂದರೆ ನಾಲ್ಕೈದು ಕಿಲೋಮೀಟರ್. ಅಷ್ಟರಲ್ಲಿ ಕೂಲೆಂಟ್ ಬಿಸಿಯಾಗಬಹುದು, ಆಯಿಲ್ ಪೂರ್ತಿ ಕಾಯುವುದಿಲ್ಲ. ತಣ್ಣಗಿನ ಎಂಜಿನ್ನಿನಲ್ಲಿ ಪೂರ್ತಿ ಸುಡದ ಪೆಟ್ರೋಲು, ಹೊಗೆಯ ಜೊತೆಗಿನ ನೀರಿನ ಹಬೆ ಎರಡೂ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಆಯಿಲಿಗೆ ಇಳಿಯುತ್ತವೆ. ದೂರ ಓಡಿದರೆ ಅವು ಆವಿಯಾಗಿ ಹೋಗುತ್ತಿದ್ದವು. ಗಿಡ್ಡ ಓಡಾಟದಲ್ಲಿ ಅಲ್ಲೇ ಉಳಿದು ಆಯಿಲನ್ನು ತೆಳ್ಳಗೆ ಮಾಡುತ್ತವೆ, ಆಮ್ಲ ಹುಟ್ಟಿಸುತ್ತವೆ. ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿದರೆ ಆಯಿಲಿಗೆ ನೀರು ಬೆರೆತು ನೊರೆಗಟ್ಟುವ ಪ್ರವೃತ್ತಿ ಇನ್ನಷ್ಟು ಹೆಚ್ಚು. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಮೈ ನೋಡಿ. ಮಜ್ಜಿಗೆ ಕಡೆದಾಗ ಮೇಲೆ ಕೂರುವ ನೊರೆಯಂಥ ಬಿಳಿ ಪದರ ಕಂಡರೆ ನಿಮ್ಮ ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಎಂದು ಅರ್ಥ. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ ಮತ್ತೆ ನೋಡಿ. ಪದರ ಹೋಗದಿದ್ದರೆ, ಜೊತೆಗೆ ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಸೀಲು) ಮೇಸ್ತ್ರಿಗೆ ತೋರಿಸಿ.

ಇಂಥ ಕಾರು ವರ್ಷಕ್ಕೆ 3,000 ಕಿ.ಮೀ. ಓಡಿದ್ದರೂ ಆಯಿಲ್ ಬದಲಾಗಲೇಬೇಕು. “ಇನ್ನೂ 7,000 ಬಾಕಿ ಇದೆಯಲ್ಲ” ಎಂಬ ಆಸೆ ಬೇಡ. ಖರ್ಚು ಹೊರೆಯಾದರೆ ದುಬಾರಿ ಬ್ರ್ಯಾಂಡ್ ಬಿಟ್ಟು, ಮ್ಯಾನುಯಲ್ ಒಪ್ಪುವ ಗ್ರೇಡಿನ ಸಾದಾ ಆಯಿಲ್ ಹಾಕಿಸಿ ಹೊತ್ತಿಗೆ ಸರಿಯಾಗಿ ಬದಲಿಸಿ. ದುಬಾರಿ ಆಯಿಲನ್ನು ಎರಡು ವರ್ಷ ಎಳೆಯುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಧೂಳು: ನಮ್ಮ ಎರಡೂ ಜಿಲ್ಲೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಭೀಮಸಮುದ್ರದ ಕಡೆ ಅದಿರಿನ ಲಾರಿಗಳ ಹಿಂದೆ ಏಳುವ ಕೆಂಧೂಳು, ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ದಾವಣಗೆರೆ ಸುತ್ತಲ ಹಳ್ಳಿಗಳ ಹೊಟ್ಟು, ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರ ತಿರುಗಿಸುವ ಗಾಳಿಯೇ ಎಬ್ಬಿಸುವ ಮಣ್ಣು. ಮಣ್ಣಿನಲ್ಲಿರುವ ಸಿಲಿಕಾ ಕಣ ಎಂಜಿನ್ನಿನ ಲೋಹಕ್ಕಿಂತ ಗಡುಸು. ಅದು ಆಯಿಲಿಗೆ ಸೇರಿದರೆ ಸಿಲಿಂಡರ್ ಗೋಡೆ, ಬೇರಿಂಗ್ ಎರಡನ್ನೂ ಉಜ್ಜಿಬಿಡುತ್ತದೆ.

ಆಯಿಲಿಗೆ ಧೂಳು ಸೇರುವ ಮುಖ್ಯ ದಾರಿ ಏರ್ ಫಿಲ್ಟರ್. ಹಾಗಾಗಿ ಆಯಿಲನ್ನು ಬೇಗ ಬದಲಿಸುವುದಷ್ಟೇ ಸಾಲದು, ಧೂಳಿನಲ್ಲಿ ಓಡುವವರು ಪ್ರತಿ 2,500 ಕಿ.ಮೀ.ಗೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಬೇಕು. ಫಿಲ್ಟರ್ ತೆಗೆದು, ಎಂಜಿನ್ ಕಡೆಗೆ ಹೋಗುವ ಪೈಪಿನ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಸ್ವಚ್ಛವಾಗಿ ಬಂದರೆ ಸರಿ. ಬೆರಳಿಗೆ ಹರಳು ಹರಳಾಗಿ ಹತ್ತಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ, ಅಂಚಿನ ರಬ್ಬರ್ ಹೋಗಿದೆ ಅಥವಾ ಡಬ್ಬಿಯ ಕ್ಲಿಪ್ ಬಿಗಿಯಾಗಿಲ್ಲ. ಕಂಪ್ರೆಸರ್ ಗಾಳಿಯನ್ನು ಕಾಗದದ ಫಿಲ್ಟರಿಗೆ ಹತ್ತಿರದಿಂದ ಜೋರಾಗಿ ಹೊಡೆದರೆ ಕಾಗದದಲ್ಲಿ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ. ಮೆಲ್ಲಗೆ ತಟ್ಟಿ ಕೊಡವಿ, ಇಲ್ಲವೇ ಹೊಸದು ಹಾಕಿ.

ನಿಂತಲ್ಲೇ ಓಡುವ ಎಂಜಿನ್: ಎಸಿ ಹಾಕಿಕೊಂಡು ಕಾಯುವ ಟ್ಯಾಕ್ಸಿ, ಮಂಡಿಯ ಮುಂದೆ ಸಾಲಿನಲ್ಲಿ ನಿಂತ ಗೂಡ್ಸ್ ಗಾಡಿ. ಮೀಟರ್ ತಿರುಗದಿದ್ದರೂ ಎಂಜಿನ್ ತಿರುಗುತ್ತಲೇ ಇರುತ್ತದೆ. ಒಂದು ಗಂಟೆ ಐಡಲ್ ಎಂದರೆ ಸುಮಾರು 50 ಕಿ.ಮೀ. ಓಡಿದಂತೆ ಎಂಬುದು ಅಂದಾಜಿನ ಲೆಕ್ಕ. ದಿನಕ್ಕೊಂದು ಗಂಟೆಯಾದರೂ ತಿಂಗಳಿಗೆ 1,500 ಕಿ.ಮೀ. ಸೇರಿತು. ಟ್ರ್ಯಾಕ್ಟರಿನಲ್ಲಿ ಕಿಲೋಮೀಟರ್ ಬಿಟ್ಟು ಗಂಟೆಯ ಮೀಟರ್ ಇಟ್ಟಿರುವುದು ಇದೇ ಕಾರಣಕ್ಕೆ.

ಟರ್ಬೊ ಪೆಟ್ರೋಲ್: ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಚಕ್ರವೇ ಟರ್ಬೊ. ಅದರ ಬೇರಿಂಗಿನ ಸುತ್ತ ಆಯಿಲ್ ವಿಪರೀತ ಕಾಯುತ್ತದೆ. ಮ್ಯಾನುಯಲ್ 10,000 ಎಂದರೂ ನಮ್ಮ ಸಲಹೆ 7,500. ಹೆದ್ದಾರಿಯಲ್ಲಿ ವೇಗವಾಗಿ ಬಂದು ಢಾಬಾ ಮುಂದೆ ನಿಲ್ಲಿಸಿದ ಕೂಡಲೇ ಆಫ್ ಮಾಡಬೇಡಿ. ಅರ್ಧದಿಂದ ಒಂದು ನಿಮಿಷ ಐಡಲ್ ಬಿಡಿ. ಇಲ್ಲದಿದ್ದರೆ ಅಲ್ಲಿ ನಿಂತ ಆಯಿಲ್ ಸುಟ್ಟು ಕರಿಕಟ್ಟುತ್ತದೆ.

ಊರೊಳಗಿನ ಬಿಎಸ್-6 ಡೀಸೆಲ್: ಡಿಪಿಎಫ್‌ನಲ್ಲಿ ಕೂತ ಮಸಿಯನ್ನು ಸುಡಲು ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಅದು ಮುಗಿಯುವ ಮೊದಲೇ ನೀವು ಎಂಜಿನ್ ಆಫ್ ಮಾಡುತ್ತಿದ್ದರೆ ಆ ಡೀಸೆಲ್ಲಿನ ಪಾಲು ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ, ಆಯಿಲ್ ಕಡಿಮೆಯಾಗುವ ಬದಲು ಏರುತ್ತಾ ಹೋದರೆ ಖುಷಿಪಡಬೇಡಿ, ಅದು ಡೀಸೆಲ್. ಮೇಲಿನ ಗೆರೆ ದಾಟಿದ ಮೇಲೆ ಓಡಿಸದೆ ಬದಲಿಸಿ. ಹದಿನೈದು ದಿನಕ್ಕೊಮ್ಮೆ ದಾವಣಗೆರೆ–ಚಿತ್ರದುರ್ಗದ ನಡುವಿನಂಥ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಈ ತೊಂದರೆ ಬಹುಪಾಲು ಬರುವುದಿಲ್ಲ.

ಈ ಐದರಲ್ಲಿ ಒಂದೂ ನಿಮಗೆ ಅನ್ವಯಿಸದಿದ್ದರೆ ಸಾಮಾನ್ಯ ಪಟ್ಟಿ. ಒಂದು ಅನ್ವಯಿಸಿದರೆ ಕಾಲು ಭಾಗ ಕಡಿತ. ಎರಡು ಅಥವಾ ಹೆಚ್ಚು ಅನ್ವಯಿಸಿದರೆ, ಇಲ್ಲವೇ ದಿನವೂ ದಪ್ಪ ಧೂಳಿನಲ್ಲೇ ಓಡುವಂತಿದ್ದರೆ ಅರ್ಧಕ್ಕೆ ಇಳಿಸಿ. ವಾರಕ್ಕೊಮ್ಮೆ ಚಿತ್ರದುರ್ಗದಿಂದ ಬೆಂಗಳೂರಿಗೆ ಹೋಗಿಬರುವ ಕಾರು ವರ್ಷಕ್ಕೆ ಸುಮಾರು 20,000 ಕಿ.ಮೀ. ಓಡುತ್ತದೆ, ಅದಕ್ಕೆ 10,000ದಂತೆ ಎರಡು ಬದಲಾವಣೆ ಸಾಕು. ಅದೇ ಕಾರು ದಿನಾ ಅದಿರಿನ ರಸ್ತೆಯಲ್ಲಿ ಓಡಿದರೆ ನಾಲ್ಕು ಬೇಕು.

4. ಹದಿನೈದು ದಿನಕ್ಕೊಮ್ಮೆ ಡಿಪ್‌ಸ್ಟಿಕ್

ಸಮತಟ್ಟು ಜಾಗ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ. ಕಡ್ಡಿ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆದು ಓದಿ. ಎರಡು ಗುರುತಿನ ನಡುವೆ, ಮೇಲಿನದಕ್ಕೆ ಹತ್ತಿರವಿದ್ದರೆ ಒಳ್ಳೆಯದು. ಬಹಳ ಕಾರುಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನದಕ್ಕೆ ಒಂದು ಲೀಟರಿನ ಆಸುಪಾಸು ಹಿಡಿಯುತ್ತದೆ.

ಬಣ್ಣ ನೋಡಿ ತೀರ್ಮಾನಿಸಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಮಸಿಯನ್ನು ಗೋಡೆಗೆ ಅಂಟಗೊಡದೆ ತನ್ನಲ್ಲಿ ಹಿಡಿದುಕೊಂಡಿರುವ ಲಕ್ಷಣ ಅದು. ಪೆಟ್ರೋಲಿನ ಗಾಢ ವಾಸನೆ, ಹಾಲಿನ ಬಣ್ಣ, ಬೆರಳ ನಡುವೆ ಹರಳು, ಇವು ಮೂರಕ್ಕೆ ಮಾತ್ರ ಕಿಲೋಮೀಟರ್ ನೋಡದೆ ಗ್ಯಾರೇಜಿಗೆ ಹೋಗಿ. ಕೆಂಪು ಆಯಿಲ್ ದೀಪ ಓಡುವಾಗ ಹತ್ತಿದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ. “ಮುಂದಿನ ಬಂಕ್‌ವರೆಗೆ” ಎಂದು ಹೊರಟವರ ಎಂಜಿನ್ ಅಷ್ಟರಲ್ಲೇ ಸೀಜ್ ಆಗಿಬಿಡಬಹುದು.

5. ಮನೆಯಲ್ಲೇ ಬದಲಿಸುವುದಾದರೆ

ವಾರಂಟಿ ಇರುವ ಗಾಡಿಯಾದರೆ ಕಂಪನಿ ಸರ್ವೀಸಿನಲ್ಲೇ ಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಹಳೆಯ ಗಾಡಿಗೆ ಬೇಕಾದದ್ದು: ಆಯಿಲ್ (ಸಣ್ಣ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ 3ರಿಂದ 3.5 ಲೀಟರ್), ಹೊಸ ಫಿಲ್ಟರ್, ಡ್ರೈನ್ ಬೋಲ್ಟಿಗೆ ಹೊಸ ವಾಷರ್, ಸರಿಯಾದ ಸೈಜಿನ ರಿಂಗ್ ಸ್ಪ್ಯಾನರ್ (ಬಹಳ ಕಾರುಗಳಿಗೆ 14 ಅಥವಾ 17), ಫಿಲ್ಟರ್ ಸ್ಪ್ಯಾನರ್, ಅಗಲ ಟ್ರೇ, ಫನೆಲ್, ಕಾಟನ್ ವೇಸ್ಟ್, ಕೈಗವಸು.

ಎಂಜಿನ್ನನ್ನು ಐದು ನಿಮಿಷ ಓಡಿಸಿ, ಆಫ್ ಮಾಡಿ, ಹದಿನೈದು ನಿಮಿಷ ಬಿಡಿ. ಬೆಚ್ಚಗಿದ್ದರೆ ಆಯಿಲ್ ಪೂರ್ತಿ ಇಳಿಯುತ್ತದೆ, ಕುದಿಯುತ್ತಿದ್ದರೆ ಕೈ ಸುಡುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಗಾಡಿ ಎತ್ತಬೇಕಾದರೆ ಜಾಕ್ ಸ್ಟ್ಯಾಂಡ್ ಇಲ್ಲದೆ ಕೆಳಗೆ ನುಸುಳಲೇಬೇಡಿ. ಬರೀ ಜಾಕ್ ಅಥವಾ ಇಟ್ಟಿಗೆ ನಂಬಿ ಕೆಳಗೆ ಮಲಗುವುದು ಪ್ರಾಣದ ಜೊತೆ ಆಡುವ ಆಟ. ಸ್ಟ್ಯಾಂಡ್ ಇಲ್ಲವೇ, ಈ ಕೆಲಸ ಗ್ಯಾರೇಜಿಗೇ ಬಿಡಿ.

ಮೇಲಿನ ಮುಚ್ಚಳ ಸಡಿಲಿಸಿ, ಕೆಳಗೆ ಸಂಪ್ ಅಂದರೆ ಆಯಿಲ್ ತೊಟ್ಟಿಯ ಡ್ರೈನ್ ಬೋಲ್ಟ್ ಹುಡುಕಿ. ಇಲ್ಲೊಂದು ದೊಡ್ಡ ಎಡವಟ್ಟು ಕಾದಿರುತ್ತದೆ. ಪಕ್ಕದಲ್ಲೇ ಗೇರ್‌ಬಾಕ್ಸಿನ ಬೋಲ್ಟೂ ಇರುತ್ತದೆ. ಅದನ್ನು ಬಿಚ್ಚಿದರೆ ಗೇರ್ ಆಯಿಲ್ ಖಾಲಿ, ಎಂಜಿನ್ನಿನಲ್ಲಿ ಹಳೆಯದರ ಮೇಲೆ ಹೊಸದು ಸೇರಿ ಎರಡು ಪಟ್ಟು. ಮ್ಯಾನುಯಲ್ಲಿನ ಚಿತ್ರ ನೋಡಿ ಖಾತ್ರಿ ಮಾಡಿಕೊಳ್ಳಿ. ಬೋಲ್ಟ್ ಬಿಚ್ಚಿ ಹತ್ತು ನಿಮಿಷ ಸೋರಲು ಬಿಡಿ.

ಫಿಲ್ಟರ್ ತೆಗೆದ ಕೂಡಲೇ ಹಳೆಯ ರಬ್ಬರ್ ರಿಂಗ್ ಅದರ ಜೊತೆಗೇ ಬಂತೇ ನೋಡಿ. ಎಂಜಿನ್‌ಗೆ ಅಂಟಿ ಉಳಿದಿದ್ದರೆ, ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿ ಸ್ಟಾರ್ಟ್ ಮಾಡಿದ ಕ್ಷಣದಲ್ಲೇ ಒತ್ತಡಕ್ಕೆ ಆಯಿಲೆಲ್ಲ ಹೊರಗೆ ಚಿಮ್ಮುತ್ತದೆ. ಹೊಸ ಫಿಲ್ಟರಿನ ರಿಂಗಿಗೆ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ. ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು. ಸ್ಪ್ಯಾನರ್ ಬಿಚ್ಚುವುದಕ್ಕೆ ಮಾತ್ರ, ಬಿಗಿಯಲು ಅಲ್ಲ.

ಡ್ರೈನ್ ಬೋಲ್ಟನ್ನು ಹೊಸ ವಾಷರ್ ಹಾಕಿ ಮೊದಲು ಬೆರಳಿನಲ್ಲೇ ಕೂರಿಸಿ. ಅಡ್ಡ ಹತ್ತಿದರೆ ಬಿಚ್ಚಿ ಮತ್ತೆ ಹಾಕಿ. ಅಲ್ಯೂಮಿನಿಯಂ ಸಂಪ್ ಇದ್ದರೆ ಅತಿ ಬಿಗಿತಕ್ಕೆ ಮರೆ (ಥ್ರೆಡ್) ಹೋಗುತ್ತದೆ. ಟಾರ್ಕ್ ಸ್ಪ್ಯಾನರ್ ಇದ್ದರೆ ಮ್ಯಾನುಯಲ್ಲಿನ ಅಳತೆಗೇ ಬಿಗಿಯಿರಿ.

ಹೇಳಿದ ಅಳತೆಗಿಂತ ಕಾಲು ಲೀಟರ್ ಕಡಿಮೆ ಸುರಿಯಿರಿ. ಸ್ಟಾರ್ಟ್ ಮಾಡಿ, ರೇಸ್ ಮಾಡದೆ ಒಂದು ನಿಮಿಷ ಬಿಡಿ. ಆಯಿಲ್ ದೀಪ ಆರಬೇಕು. ಆಫ್ ಮಾಡಿ, ಕೆಳಗೆ ಸೋರಿಕೆ ನೋಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತಾ ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಹೆಚ್ಚಾದರೂ ಕೇಡೇ: ತಿರುಗುವ ಕ್ರ್ಯಾಂಕ್ ದಂಡ ಆಯಿಲಿಗೆ ಬಡಿದು ನೊರೆಯೆಬ್ಬಿಸುತ್ತದೆ, ಸೀಲುಗಳು ಸೋರಲು ಶುರುವಾಗುತ್ತವೆ.

ಎಂಜಿನ್ ಒಳಗೆ ತೊಳೆಯುವ ಫ್ಲಶ್, ಮೇಲಿಂದ ಹಾಕುವ ಅಡಿಟಿವ್ ಬಾಟಲಿ ಎರಡೂ ಬೇಡ. ಒಳ್ಳೆಯ ಆಯಿಲಿನಲ್ಲಿ ಬೇಕಾದದ್ದು ಇದ್ದೇ ಇರುತ್ತದೆ. ದಿನಾಂಕ, ಮೀಟರ್ ರೀಡಿಂಗ್, ಗ್ರೇಡ್ ಮೂರನ್ನೂ ಬರೆದು ಬಾನೆಟ್ ಒಳಗೆ ಅಂಟಿಸಿ.

6. ಬೈಕ್, ಸ್ಕೂಟರ್

ಬೈಕಿನಲ್ಲಿ ಒಂದೇ ಆಯಿಲ್ ಎಂಜಿನ್, ಗೇರ್, ಕ್ಲಚ್ ಮೂರನ್ನೂ ನೋಡಿಕೊಳ್ಳುತ್ತದೆ. ಸಣ್ಣ ಬೈಕುಗಳಲ್ಲಿ ಇರುವುದೇ ಒಂದು ಲೀಟರಿನ ಆಸುಪಾಸು. ಗೇರಿನ ಹಲ್ಲುಗಳು ಆಯಿಲನ್ನು ಅರೆದು ತೆಳ್ಳಗೆ ಮಾಡುತ್ತವೆ. ಸಿಂಥೆಟಿಕ್ ಹಾಕಿದ ಮಾತ್ರಕ್ಕೆ ಮ್ಯಾನುಯಲ್ ಲೆಕ್ಕ ಮೀರಬಾರದು ಎಂದದ್ದು ಅದಕ್ಕೇ. ಹೊಲದ ದಾರಿಯಲ್ಲೇ ಓಡುವ ಬೈಕಿಗೆ ಮೂರನೇ ಒಂದು ಭಾಗ ಕಡಿತ ಮಾಡಿ.

ಕ್ಯಾನಿನ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರಬೇಕು. ಕಾರಿನ ಆಯಿಲಿನಲ್ಲಿ ಜಾರಿಕೆ ಹೆಚ್ಚಿಸುವ ಪದಾರ್ಥ ಇರಬಹುದು, ಅದು ಆಯಿಲಿನಲ್ಲೇ ಮುಳುಗಿರುವ ಬೈಕಿನ ಕ್ಲಚ್ಚನ್ನು ಜಾರಿಸುತ್ತದೆ. ಮನೆಯಲ್ಲಿ ಉಳಿದ ಕಾರಿನ ಆಯಿಲನ್ನು ಬೈಕಿಗೆ ಸುರಿಯಬೇಡಿ. ಗೇರ್ ಇಲ್ಲದ ಸ್ಕೂಟರಿಗೆ ಎಂಬಿ ಗುರುತಿನದು. ಸ್ಕೂಟರಿನ ಹಿಂದಿನ ಚಕ್ರದ ಬಳಿ ಬೇರೆಯೇ ಗೇರ್ ಆಯಿಲ್ ಇರುತ್ತದೆ, ಕೇವಲ 100–120 ಮಿ.ಲೀ.ನಷ್ಟು. ಕೇಳಿ ಮಾಡಿಸದಿದ್ದರೆ ಅದು ವರ್ಷಗಟ್ಟಲೆ ಹಾಗೇ ಉಳಿದುಬಿಡುತ್ತದೆ.

ಅಳತೆ ನೋಡುವಾಗ ಗಾಡಿ ಸೆಂಟರ್ ಸ್ಟ್ಯಾಂಡಿನಲ್ಲಿ ನೇರವಾಗಿರಲಿ. ಮರೆಯಿರುವ ಡಿಪ್‌ಸ್ಟಿಕ್ಕನ್ನು ಹಲವು ಬೈಕುಗಳಲ್ಲಿ ತಿರುಗಿಸದೆ ಸುಮ್ಮನೆ ಇಟ್ಟು ಓದಬೇಕು. ತಿರುಗಿಸಿ ಓದಿದರೆ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಹೊಸ ಬೈಕಿನ ಮೊದಲ ಬದಲಾವಣೆಯನ್ನು, ಸಾಮಾನ್ಯವಾಗಿ 500–1,000 ಕಿ.ಮೀ. ಒಳಗೆ ಬರುವಂಥದ್ದನ್ನು, ಯಾವ ಕಾರಣಕ್ಕೂ ತಪ್ಪಿಸಬೇಡಿ. ಹೊಸ ಲೋಹದ ಸಣ್ಣ ಪುಡಿ ಆಗ ಹೊರಹೋಗುತ್ತದೆ.

7. ಹಳೆಯ ಆಯಿಲ್ ಎಲ್ಲಿಗೆ?

ಚರಂಡಿಗಲ್ಲ, ತಿಪ್ಪೆಗಲ್ಲ, ಹೊಲದ ಬದುವಿಗೂ ಅಲ್ಲ. ಗೆದ್ದಲಿಗೆಂದು ಬೇಲಿಯ ಗೂಟಕ್ಕೆ, ಬಾಗಿಲಿಗೆ ಬಳಿಯುವ ರೂಢಿ ಹಳ್ಳಿಗಳಲ್ಲಿದೆ, ದಯವಿಟ್ಟು ಬಿಡಿ. ಬಳಸಿದ ಆಯಿಲಿನಲ್ಲಿ ಕ್ಯಾನ್ಸರ್ ತರಬಲ್ಲ ಪದಾರ್ಥಗಳಿರುತ್ತವೆ, ಮಳೆಯಲ್ಲಿ ತೊಳೆದು ಅದು ಬಾವಿ, ಬೋರಿನ ನೀರಿಗೆ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಆಯಿಲನ್ನೂ ಒಳಗೊಳ್ಳುತ್ತವೆ. ಖಾಲಿ ಕ್ಯಾನಿಗೆ ತುಂಬಿಸಿ, ಬಿಗಿಯಾಗಿ ಮುಚ್ಚಿ, ಅನುಮತಿ ಪಡೆದ ಸಂಗ್ರಹಕಾರರಿಗೆ ಕೊಡುವ ಸರ್ವೀಸ್ ಸೆಂಟರಿಗೆ ತಲುಪಿಸಿ. ನೀರು, ಕೂಲೆಂಟ್, ಪೆಟ್ರೋಲ್ ಯಾವುದನ್ನೂ ಅದರಲ್ಲಿ ಬೆರೆಸಬೇಡಿ, ಬೆರೆತರೆ ಮರುಬಳಕೆಗೆ ಬಾರದು.

ಉಳಿದ ಖಾಲಿ ಕ್ಯಾನುಗಳ ಕುತ್ತಿಗೆ ಕತ್ತರಿಸಿ ಗುಜರಿಗೆ ಹಾಕಿ. ಇಡಿಯಾಗಿ ಕೊಟ್ಟ ಕ್ಯಾನಿಗೇ ನಕಲಿ ಆಯಿಲ್ ತುಂಬಿ ಮತ್ತೆ ಅಂಗಡಿಗೆ ಬರುವುದು. ಹಳೆಯ ಫಿಲ್ಟರನ್ನು ಒಂದು ರಾತ್ರಿ ಟ್ರೇ ಮೇಲೆ ಬೋರಲು ಹಾಕಿ, ಸೋರಿದ್ದನ್ನು ಆಯಿಲ್ ಕ್ಯಾನಿಗೇ ಸೇರಿಸಿ, ಫಿಲ್ಟರನ್ನೂ ಅದರ ಜೊತೆಯಲ್ಲೇ ಸರ್ವೀಸ್ ಸೆಂಟರಿಗೆ ಕೊಡಿ.